ಸತ್ತವರು ಅರ್ಜಿ ಹಾಕುವುದು ಹೇಗೆ?

ವಂಶವಾಹಿ ನೋಡಿ ಔಷಧ ಕೊಡುವ ಚಿಕಿತ್ಸೆಯ ಸುತ್ತ ಎರಡು ಜಗಳಗಳಿವೆ. ಅದರಿಂದ ಉಪಯೋಗವಿದೆಯೇ ಎಂಬುದೊಂದು, ಅದಕ್ಕೆಂದು ಕೂಡಿಹಾಕಿದ ಮಾಹಿತಿಗೆ ಹೊಣೆ ಯಾರು ಎಂಬುದಿನ್ನೊಂದು. ಎರಡನೆಯದನ್ನು ಕೇಳಿದವರಿಗೆ ಸಿಗುವುದು ಸಾಮಾನ್ಯವಾಗಿ ಮೊದಲನೆಯದರ ಉತ್ತರ.

ಉಪಯೋಗವಂತೂ ಇದೆ. 1998ರಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಎಲ್ಲ ಸ್ತನ ಕ್ಯಾನ್ಸರಿಗೂ ನಾಟುವುದಿಲ್ಲ. ಗಡ್ಡೆಯಲ್ಲಿ ಹರ್-2 ಪ್ರೋಟೀನು ಹೆಚ್ಚಿದೆಯೇ ಎಂದು ನೋಡಿಕೊಂಡು ಕೊಡಬೇಕು. ಎಚ್‌ಐವಿಗೆ ಕೊಡುವ ಅಬಕಾವಿರ್ ಯಾರ ಜೀವಕ್ಕೆ ಸಂಚಕಾರ ತರಬಹುದು ಎಂಬುದನ್ನೂ ವಂಶವಾಹಿ ಪರೀಕ್ಷೆ ಮೊದಲೇ ಹೇಳುತ್ತದೆ. ಇಂಥ ನಂಟುಗಳು ಕಣ್ಣಿಗೆ ಬೀಳಬೇಕಾದರೆ ಸಾವಿರಾರು, ಲಕ್ಷಾಂತರ ಜನರ ದಾಖಲೆ ಒಂದೆಡೆ ಸೇರಬೇಕು.

‘ಹೆಸರು ಅಳಿಸಿಯೇ ಕೊಡುತ್ತೇವೆ’ ಎಂಬ ಭರವಸೆ 1990ರ ದಶಕದಲ್ಲೇ ಬಿದ್ದುಹೋಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೀಗೆ ಹೆಸರು ಅಳಿಸಿ ಕೊಟ್ಟಿದ್ದರು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರಿಗೆ ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಲಿಂಗ, ಅಂಚೆ ಸಂಖ್ಯೆ, ಈ ಮೂರನ್ನು ತಾಳೆ ಹಾಕಿದರು. ರಾಜ್ಯದ ಗವರ್ನರರ ದಾಖಲೆಯೇ ಸಿಕ್ಕಿತು.

ಇಷ್ಟಾದರೂ 1998ರ ಡಿಸೆಂಬರಿನಲ್ಲಿ ಐಸ್‌ಲೆಂಡ್ ಸಂಸತ್ತು ದೇಶದ ಎಲ್ಲರ ಆರೋಗ್ಯ ದಾಖಲೆಯನ್ನು ಒಂದೇ ಕಣಜಕ್ಕೆ ತುಂಬುವ ಕಾನೂನು ಮಾಡಿತು. 2000ದಲ್ಲಿ ಅದರ ಪರವಾನಗಿ ಡಿಕೋಡ್ ಎಂಬ ಖಾಸಗಿ ಕಂಪನಿಗೆ ಸಿಕ್ಕಿತು. ಯಾರ ಸಹಿಯೂ ಬೇಕಿರಲಿಲ್ಲ. ಬೇಡವೆನ್ನುವವರು ಅರ್ಜಿ ಹಾಕಬೇಕು, ಸುಮ್ಮನಿದ್ದವರೆಲ್ಲ ಒಪ್ಪಿದ ಹಾಗೆ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆ ಮಾತುಕತೆಗೂ ಸಾಲದ ನ್ಯಾಯ, ಆ ಮಾತು ಬೇರೆ. ಮೂರು ಲಕ್ಷವೂ ಇಲ್ಲದ ನಾಡಿನಲ್ಲಿ ಸುಮಾರು 20 ಸಾವಿರ ಜನ ಅರ್ಜಿ ಹಾಕಿದರು.

ಸತ್ತವರು ಏನು ಮಾಡಬೇಕು? ತಂದೆಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳು ಅವರ ದಾಖಲೆಯನ್ನು ಕಣಜಕ್ಕೆ ಹಾಕಬೇಡಿ ಎಂದು ಬರೆದಳು. ನಿನಗೆ ಆ ಹಕ್ಕಿಲ್ಲ ಎಂಬ ಉತ್ತರ ಬಂತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2003ರ ನವೆಂಬರಿನಲ್ಲಿ ನ್ಯಾಯಾಲಯ ಅವಳ ಪರ ನಿಂತಿತು: ಅಪ್ಪನ ಮೈಯಲ್ಲಿದ್ದದ್ದು ಮಗಳ ಬಗ್ಗೆಯೂ ಹೇಳುತ್ತದೆ, ಹಾಗಾಗಿ ತಡೆಯುವ ಹಿತಾಸಕ್ತಿ ಅವಳಿಗೆ ಸ್ವಂತದ್ದೇ. ಕಣಜ ಕಟ್ಟುವುದು ಅಲ್ಲಿಗೇ ನಿಂತಿತು. ಜನರ ಒಪ್ಪಿಗೆ ಪಡೆದು ಬೇರೆಯಾಗಿ ಕೂಡಿಸಿದ್ದ ಮಾಹಿತಿಯೊಂದಿಗೆ ಕಂಪನಿ ಮುಂದುವರಿದು, 2009ರಲ್ಲಿ ದಿವಾಳಿಯೆದ್ದು, 2012ರಲ್ಲಿ 41.5 ಕೋಟಿ ಡಾಲರಿಗೆ ಆಮ್‌ಜೆನ್ ಎಂಬ ಔಷಧ ಕಂಪನಿಯ ಪಾಲಾಯಿತು.

ರೋಗಿಗಳ ದಾಖಲೆಗಳನ್ನು ಒಂದೆಡೆ ಸೇರಿಸಹೊರಟ ಇಂಗ್ಲೆಂಡಿನ ಕೇರ್.ಡೇಟಾ ಯೋಜನೆಯೂ ‘ಬೇಡವಾದರೆ ಹೇಳಿ’ ಎಂಬ ದಾರಿಯನ್ನೇ ಹಿಡಿದು 2016ರಲ್ಲಿ ಮುಚ್ಚಿತು.

ಆಮೇಲಿನದು ಜನ ತಾವೇ ದುಡ್ಡು ಕೊಟ್ಟು, ಕೊಳವೆಗೆ ಉಗುಳಿ ಕಳಿಸಿದ ಕಾಲ. ಹಾಗೆ ಬಂದ ಉಗುಳಿನಿಂದ ವಂಶವಾಹಿ ಓದಿ ಹೇಳುವ 23ಆ್ಯಂಡ್‌ಮಿ ಕಂಪನಿಗೆ 2023ರಲ್ಲಿ ಕನ್ನ ಬಿತ್ತು. ಕಳ್ಳರು ಹೊಕ್ಕಿದ್ದು ಸುಮಾರು 14 ಸಾವಿರ ಖಾತೆಗಳಿಗೆ. ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಕೈಗೆ ಸಿಕ್ಕಿದ್ದು 69 ಲಕ್ಷ ಜನರ ಮಾಹಿತಿ. ಐಸ್‌ಲೆಂಡಿನ ಆ ಹುಡುಗಿ ಹೇಳಿದ್ದೂ ಇದನ್ನೇ ಅಲ್ಲವೆ? ಬೇರೆಡೆ ಸೋರಿದ ಪಾಸ್‌ವರ್ಡನ್ನೇ ಗ್ರಾಹಕರು ಇಲ್ಲೂ ಬಳಸಿದ್ದರು ಎಂದರು ಕಂಪನಿಯ ವಕೀಲರು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಖಾತೆ ಅಳಿಸಿಕೊಳ್ಳಿ ಎಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಜನರಿಗೆ ನೆನಪಿಸಿದರು. ಆ ಹೊತ್ತಿಗೆ ಮುಗಿದಿದ್ದ ಸಂಶೋಧನೆಗಳೊಳಗೆ ಸೇರಿಹೋದದ್ದನ್ನು ಅಳಿಸುವ ಗುಂಡಿ ಇರಲಿಲ್ಲ.