ಡೀಸೆಲ್ ಜೀಪಿನ ಊರಿಗೆ ಸಿಎನ್‌ಜಿ

ಕೊಡಗಿನ ಸಂಪಾಜೆ ಘಾಟಿಯಲ್ಲಿ ಕಾಫಿ ಮೂಟೆ ಹೊತ್ತು ಏರುವ ಪಿಕಪ್ ಹೆಚ್ಚುಕಮ್ಮಿ ಡೀಸೆಲ್ ಗಾಡಿಯೇ. ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ಡೀಸೆಲ್ ಚೆನ್ನಾಗಿ ಎಳೆಯುತ್ತದೆ, ತೋಟದ ದಾರಿಗೆ ಬೇಕಾದದ್ದೂ ಅದೇ. ಜೊತೆಗೆ ಬೆಲೆ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಿತು, ಡೀಸೆಲ್‌ನದ್ದು ಬಿಡಲಿಲ್ಲ. ಡೀಸೆಲ್ ಅಗ್ಗವಾಗೇ ಉಳಿದು ಕಾರು ಕೊಳ್ಳುವವರೂ ಅದರ ಕಡೆ ಹೊರಳಿದರು. 2014ರ ಅಕ್ಟೋಬರ್‌ನಲ್ಲಿ ಆ ಹಿಡಿತವೂ ಹೋಯಿತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಹೊಗೆ ಶುದ್ಧ ಮಾಡುವ ಉಪಕರಣದ ಖರ್ಚು ಸಣ್ಣ ಡೀಸೆಲ್ ಕಾರುಗಳಿಗೆ ಹೊರೆಯಾಯಿತು. ಮಾರುತಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿ ಸಿಎನ್‌ಜಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಹಿಡಿಯಿತು.

ಸಿಎನ್‌ಜಿ ಹೊಸದೇನಲ್ಲ. ದೆಹಲಿಯ ಬಸ್ಸುಗಳೆಲ್ಲ ಅದಕ್ಕೆ ಬದಲಾಗಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತ್ತು. ಅಲ್ಲಿ ಕಾರಣ ಕೆಟ್ಟ ಗಾಳಿ. ಇಲ್ಲಿ ಕೇಳುವುದು ಮೈಲೇಜ್ ಎಷ್ಟು ಅಂತ, ಅಲ್ವಾ?

ಬಂಕಿನ ಬೋರ್ಡ್ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಪೆಟ್ರೋಲ್ ಲೀಟರ್ ಲೆಕ್ಕ, ಸಿಎನ್‌ಜಿ ಕೆಜಿ ಲೆಕ್ಕ. ಒಂದು ಕೆಜಿ ಗ್ಯಾಸಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು 40% ಜಾಸ್ತಿ ಶಕ್ತಿ ಇರುತ್ತದೆ. ಆದರೆ ಜಾಗ ತಿನ್ನುತ್ತದೆ. 200 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 200 ಪಟ್ಟಿನಲ್ಲಿ, ತುಂಬಿದರೂ ಅಷ್ಟೇ ಜಾಗದ ಡೀಸೆಲ್‌ನ ಕಾಲು ಭಾಗದಷ್ಟೇ ಶಕ್ತಿ. 60 ಲೀಟರ್ ಸಿಲಿಂಡರ್ ಅಂದರೂ ಹಿಡಿಯುವುದು ಎಂಟು-ಒಂಬತ್ತು ಕೆಜಿ. ಅದು ಡಿಕ್ಕಿ ತುಂಬಿಕೊಂಡ ಮೇಲೆ ಹೋಂಸ್ಟೇ ಅತಿಥಿಗಳ ಸೂಟ್‌ಕೇಸ್ ಕ್ಯಾರಿಯರ್‌ಗೇ ಏರಬೇಕು.

ಘಾಟಿಯಲ್ಲಿ ಇನ್ನೊಂದು ತಾಪತ್ರಯ. ಎಂಜಿನ್ನಿಗೆ ಹೋಗುವ ಗಾಳಿಯ ಜಾಗವನ್ನು ಗ್ಯಾಸ್ ಒಂದಿಷ್ಟು ಕಿತ್ತುಕೊಳ್ಳುತ್ತದೆ, ಎಳೆತ ಕುಗ್ಗುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯೇ ತೆಳು. ಟರ್ಬೊ ಡೀಸೆಲ್ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುತ್ತದೆ, ಟರ್ಬೊ ಇಲ್ಲದ ಸಣ್ಣ ಸಿಎನ್‌ಜಿ ಕಾರಿಗೆ ಆ ಭಾಗ್ಯವಿಲ್ಲ. ಈ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕೂ ಇರುವುದರಿಂದ ಏರು ಬಂದಾಗ ಸ್ವಿಚ್ ಒತ್ತಿ ಪೆಟ್ರೋಲಿಗೆ ಹೋಗುವುದು ಸುಲಭದ ದಾರಿ. ಉಳಿತಾಯದ ಲೆಕ್ಕ ಅಲ್ಲೇ ಸಡಿಲವಾಗುತ್ತದೆ.

ಗ್ಯಾಸ್ ಬರುವ ದಾರಿಯೂ ಉದ್ದ. ಮಹಾರಾಷ್ಟ್ರ ಕರಾವಳಿಯ ದಾಭೋಳ್‌ನಿಂದ ಬೆಂಗಳೂರಿಗೆ ಪೈಪ್‌ಲೈನ್ 2013ರಲ್ಲಿ ಬಂತು. ಕೊಚ್ಚಿಯಿಂದ ಮಂಗಳೂರಿಗೆ ಬಂದದ್ದು 2021ರ ಜನವರಿಯಲ್ಲಿ. ಪೈಪ್ ತಲುಪದ ಬಂಕಿಗೆ ಸಿಲಿಂಡರ್ ಸಾಲು ಹೊತ್ತ ಲಾರಿ ಹೋಗಬೇಕು. ಲಾರಿ ತಡವಾದರೆ ಒತ್ತಡ ಇಳಿದು ನಿಮ್ಮ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ.

ನನ್ನ ಮಟ್ಟಿಗೆ, ಕುಶಾಲನಗರದಿಂದ ಮೈಸೂರಿಗೆ ದಿನಾ ಓಡುವ ಟ್ಯಾಕ್ಸಿಗೆ ಸಿಎನ್‌ಜಿ ಸರಿ, ತೋಟದ ಪಿಕಪ್‌ಗೆ ಸದ್ಯಕ್ಕೆ ಡೀಸೆಲ್ಲೇ. ಹಳೆಯ ಸಿಎನ್‌ಜಿ ಕಾರು ಕೊಳ್ಳುವವರು ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಒತ್ತಡ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ ಪಡೆಯಿರಿ.