ಒಂದು ಪೊಟ್ಟಣ, ಒಂದು ಲೀಟರ್: ಮಳೆಗಾಲದ ಮದ್ದಿನ ಅಳತೆ

ಮೃಗಶಿರಾ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೇಳಿಬರುವ ಮಾತು ಬದಲಾಗುತ್ತದೆ. ಬೇಸಿಗೆಯಲ್ಲಿ ಬೆವರುಸಾಲೆ ಪುಡಿ ಕೇಳುತ್ತಿದ್ದವರು ಈಗ "ಭೇದಿ ನಿಲ್ಲೋಕೆ ಏನಾದ್ರೂ ಕೊಡಿ", "ಜ್ವರಕ್ಕೆ ಒಂದು ಮಾತ್ರೆ ಕೊಡಿ" ಎನ್ನುತ್ತಾರೆ. ಚರಂಡಿ ನೀರು ಕುಡಿಯುವ ನೀರಿನ ಪೈಪಿಗೆ ಇಳಿಯುವುದು, ಹೂಕುಂಡದ ತಟ್ಟೆಯಲ್ಲಿ ಸೊಳ್ಳೆಯ ಮೊಟ್ಟೆ ಒಡೆಯುವುದು, ಗದ್ದೆಯ ಕೆಸರಿಗೆ ಇಲಿಯ ಮೂತ್ರ ಸೇರುವುದು ಎಲ್ಲವೂ ಇದೇ ಹೊತ್ತಿಗೆ. ಇದಕ್ಕೆಲ್ಲ ಮೊದಲು ಬೇಕಾಗುವವು ಅಂಗಡಿಯ ತೀರಾ ಅಗ್ಗದ ಮದ್ದುಗಳು: ಭೇದಿಯಲ್ಲಿ ಕಳೆದ ನೀರು, ಲವಣ ತುಂಬಿಕೊಡುವ ಓಆರ್‌ಎಸ್ ಪೊಟ್ಟಣ, ಸತುವಿನ (ಜಿಂಕ್) ಮಾತ್ರೆ, ಪ್ಯಾರಾಸಿಟಮಾಲ್. ಇವು ಕೈಕೊಡುವುದು ಹೆಚ್ಚಾಗಿ ಅಳತೆ ತಪ್ಪಿದಾಗ.

ಓಆರ್‌ಎಸ್ ಪೊಟ್ಟಣವನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿಯೇ ಒಳಗೆ ಬಿಡುವ ಒಂದು ಬಾಗಿಲಿದೆ. ಅವೆರಡೂ ಒಳಹೋದರೆ ನೀರು ಹಿಂದೆಯೇ ಹೋಗುತ್ತದೆ. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತಿದ್ದರೂ ಈ ಬಾಗಿಲನ್ನು ಮುಚ್ಚಲಾರದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತಾ ಬಂದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಲೋಟದಲ್ಲಿ ಕುಡಿಸಿದರು. ಆರೈಕೆ ಮಾಡಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಮನೆಯಲ್ಲಿ ಕೆಡುವುದು ಹೀಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುತ್ತಾರೆ. ದ್ರಾವಣ ಐದು ಪಟ್ಟು ಗಟ್ಟಿಯಾಗಿ, ದೇಹಕ್ಕೆ ನೀರು ಕೊಡುವ ಬದಲು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೇರುತ್ತದೆ. ಅರ್ಧ ಪುಡಿ ಇಂದು, ಅರ್ಧ ನಾಳೆ ಎಂದು ಕಣ್ಣಂದಾಜಿನಲ್ಲಿ ಪಾಲು ಮಾಡುವುದೂ ತಪ್ಪೇ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಇಡೀ ಪುಡಿಗೆ ಇಡೀ ಲೀಟರ್. ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿಯೇ ಒಳ್ಳೆಯ ಅಳತೆ. ಸ್ಟೀಲ್ ಚೊಂಬನ್ನು ನಂಬಬೇಡಿ. ಅಷ್ಟು ಬೇಡವೆನಿಸಿದರೆ 200 ಎಂಎಲ್‌ಗೆಂದೇ ಮಾಡಿದ 4 ಗ್ರಾಂ ಚಿಲ್ಲರೆಯ ಪೊಟ್ಟಣ ಸಿಗುತ್ತದೆ, ಅದನ್ನು ಕೇಳಿ. ಕುದಿಸಿ ಆರಿಸಿದ ನೀರಿಗೆ ಬೆರೆಸಬೇಕು. ಬೆರೆಸಿದ ಮೇಲೆ ಕುದಿಸಬಾರದು, ಸಕ್ಕರೆ ಸೇರಿಸಬಾರದು, 24 ಗಂಟೆ ಮೀರಿದರೆ ಚೆಲ್ಲಬೇಕು. ಪೊಟ್ಟಣವೇ ಸಿಗದ ಊರಿನಲ್ಲಿ ಒಂದು ಲೀಟರ್ ನೀರಿಗೆ ಅಂಚಿಗೆ ಸಮನಾಗಿ ಗೀರಿದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಲೇಬಾರದು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್, ದೊಡ್ಡವರಿಗೆ ಬೇಕೆನಿಸಿದಷ್ಟು. ಮಗು ವಾಂತಿ ಮಾಡಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಎದೆಹಾಲು, ಗಂಜಿ, ಮಜ್ಜಿಗೆ ಅನ್ನ ಮುಂದುವರಿಯಲಿ. "ಹೊಟ್ಟೆಗೆ ವಿಶ್ರಾಂತಿ" ಎಂದು ಮಗುವನ್ನು ಉಪವಾಸ ಕೆಡವುವುದು ಹಳೆಯ ತಪ್ಪು. ರಟ್ಟಿನ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯವೂ ಓಆರ್‌ಎಸ್ ಅಲ್ಲ. ಇಂಥ ಪಾನೀಯಗಳು ತಮ್ಮ ಹೆಸರಿನಲ್ಲಿ ಆ ಮೂರಕ್ಷರ ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಆದರೂ ಕೊಳ್ಳುವಾಗ ಲೇಬಲ್ಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ.

ಮಕ್ಕಳಿಗೆ ಓಆರ್‌ಎಸ್ ಜೊತೆ ಸತು ಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, 14 ದಿನ. ಮೂರನೇ ದಿನ ಭೇದಿ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. ಸತು ಕರುಳಿನ ಒಳಪದರ ದುರಸ್ತಿಯಾಗಲು ನೆರವಾಗುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದನ್ನೂ ತಗ್ಗಿಸುತ್ತದೆ. ಭೇದಿಯನ್ನು ಥಟ್ಟನೆ ಕಟ್ಟಿಹಾಕುವ ಲೊಪೆರಮೈಡ್ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ. ಮಲದಲ್ಲಿ ರಕ್ತವಿದ್ದರೆ ದೊಡ್ಡವರಿಗೂ ಬೇಡ.

ಇನ್ನು ಜ್ವರ. ಮಗುವಿಗೆ ಪ್ಯಾರಾಸಿಟಮಾಲ್ ಕೊಡುವ ಮುನ್ನ ಅಂಗಡಿಯವರು ಕೇಳಬೇಕಾದದ್ದು ವಯಸ್ಸಿಗಿಂತ ಮೊದಲು ತೂಕ. ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ತೊಡಕು ಬರುವುದು ಬಾಟಲಿಯಲ್ಲಿ. ಒಂದು ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250, ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಹತ್ತು ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಕೊಡಬೇಕಾದರೆ ಮೊದಲನೆಯದು 6 ಎಂಎಲ್, ಎರಡನೆಯದು 3 ಎಂಎಲ್, ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. "ಐದು ಎಂಎಲ್ ಕೊಡಿ" ಎಂದು ಬಾಯಲ್ಲಿ ಹೇಳಿದ್ದನ್ನು ಕೇಳಿ ಡ್ರಾಪ್ಸ್ ಐದು ಎಂಎಲ್ ಹಾಕಿದರೆ 500 ಮಿಲಿಗ್ರಾಂ ಹೋಯಿತು, ಅಂದರೆ ಮೂರು ಪಟ್ಟಿಗೂ ಹೆಚ್ಚು. ಅಡುಗೆಮನೆಯ ಚಮಚಗಳು ಒಂದರಂತೆ ಒಂದಿಲ್ಲ. ಬಾಟಲಿಯೊಂದಿಗೆ ಬಂದ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಮಾತ್ರ ಸರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಮದ್ದಿಗೆ ಮುಂಚೆ ವೈದ್ಯರೇ.

ದೊಡ್ಡವರ ಲೆಕ್ಕ ತಪ್ಪುವುದು ಬೇರೆ ದಾರಿಯಲ್ಲಿ. ಜ್ವರಕ್ಕೆಂದು 650 ಮಿಲಿಗ್ರಾಂ ಮಾತ್ರೆ ದಿನಕ್ಕೆ ನಾಲ್ಕು. ಜೊತೆಗೆ ನೆಗಡಿ ಮಾತ್ರೆ ಮೂರು ಹೊತ್ತು, ಅದರೊಳಗೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್. ಕೂಡಿಸಿದರೆ 4.1 ಗ್ರಾಂ, ದಿನದ ಮಿತಿಯಾದ 4 ಗ್ರಾಂ ದಾಟಿತು. ಯಕೃತ್ತು ಈ ಮದ್ದನ್ನು ಒಡೆಯುವಾಗ ಸ್ವಲ್ಪ ಭಾಗ ವಿಷವಾಗುತ್ತದೆ, ಅದನ್ನು ಗ್ಲುಟಾಥಯೋನ್ ಎಂಬ ವಸ್ತು ಹಿಡಿದು ಹೊರಹಾಕುತ್ತದೆ. ಊಟ ಬಿಟ್ಟವರಲ್ಲಿ, ನಿತ್ಯ ಕುಡಿಯುವವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ, ಮಿಕ್ಕ ವಿಷ ಯಕೃತ್ತನ್ನೇ ಕೆಡಿಸುತ್ತದೆ. ಮೊದಲ ದಿನ ಏನೂ ಗೊತ್ತಾಗದಿರುವುದೇ ಇದರ ಭಯಂಕರ ಗುಣ. ಸ್ಟ್ರಿಪ್ಪಿನ ಹಿಂಭಾಗದ ಸಣ್ಣಕ್ಷರಗಳನ್ನು ದಯವಿಟ್ಟು ಓದಿ, ಓದಲಾಗದಿದ್ದರೆ ಅಂಗಡಿಯವರಿಂದ ಓದಿಸಿಕೊಳ್ಳಿ.

ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೇಳುವುದು ಈ ಕಾಲದಲ್ಲಿ ಅಪಾಯ. ಜ್ವರ ಡೆಂಗಿಯದ್ದಾಗಿದ್ದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಆಗಲೇ ಇಳಿಯುತ್ತಿರುತ್ತದೆ. ಉಳಿದವುಗಳ ಕೆಲಸವನ್ನೂ ಈ ಮಾತ್ರೆಗಳು ಕೆಡಿಸಿ, ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವವರು ಮಾತ್ರ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಎನ್ಎಸ್1 ಎಂಬ, ಡೆಂಗಿ ವೈರಸ್ಸಿನ ಅಂಶವನ್ನೇ ಹುಡುಕುವ ರಕ್ತಪರೀಕ್ಷೆ ಜ್ವರದ ಮೊದಲ ಐದು ದಿನದಲ್ಲಿ ಉಪಯುಕ್ತ, ಆಮೇಲೆ ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯವನ್ನು ನೋಡುವ ಐಜಿಎಂ ಪರೀಕ್ಷೆ. ಪಪ್ಪಾಯಿ ಎಲೆಯ ರಸ ಕುಡಿದಿದ್ದೇವೆಂದು ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಬೇಕು.

ಗದ್ದೆ, ಚರಂಡಿಯಲ್ಲಿ ದುಡಿದವರಿಗೆ ಜ್ವರದೊಡನೆ ಮೀನಖಂಡ ವಿಪರೀತ ನೋಯುತ್ತಿದ್ದು ಕಣ್ಣು ಕೆಂಪಾಗಿದ್ದರೆ ಅದು ಇಲಿಜ್ವರವಿರಬಹುದು. ಅದಕ್ಕೆ ಅದೇ ದಿನ ವೈದ್ಯರು, ಮತ್ತೊಂದು ಸ್ಟ್ರಿಪ್ ಪ್ಯಾರಾಸಿಟಮಾಲ್ ಅಲ್ಲ.

ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಎಚ್ಚರದ ದಿನ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಮೈ ತಣ್ಣಗಾಗುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ; ಅದೇ ಹೊತ್ತಿಗೆ ರಕ್ತನಾಳಗಳಿಂದ ದ್ರವ ಸೋರತೊಡಗಬಹುದು. ಮುಂದಿನ 24ರಿಂದ 48 ಗಂಟೆಗಳಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.