ಕಚ್ಚಾ ತೈಲದಲ್ಲಿ ಉಪ್ಪು ಎಷ್ಟು, ಯಾವುದು?

ಹಡಗಿನಿಂದ ಇಳಿದ ಕಚ್ಚಾ ತೈಲದ ಸ್ಯಾಂಪಲ್ ಲ್ಯಾಬ್ ಸೇರುತ್ತಿದ್ದಂತೆ ಪ್ಲಾಂಟ್‌ನವರು ಕೇಳುತ್ತಾರೆ: ಉಪ್ಪು ಎಷ್ಟು? ಜೊತೆಗೆ ಇನ್ನೊಂದನ್ನೂ ಕೇಳಿ ಅಂತ ನಾನು ಹೇಳುತ್ತೇನೆ: ಯಾವ ಉಪ್ಪು?

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಬಾವಿಯಿಂದ ಎಣ್ಣೆಯ ಜೊತೆ ಬಂದ ಉಪ್ಪುನೀರಿನ ಸಣ್ಣ ಹನಿಗಳಲ್ಲಿ ಅದು ಇರುತ್ತದೆ. ಸ್ವಲ್ಪ ಹರಳಾಗಿಯೂ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಜಾಸ್ತಿ ಇರುವುದು ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು. ಉಳಿದದ್ದು ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್. ನಿಜವಾದ ತಲೆನೋವು ಈ ಎರಡೇ. ಬಟ್ಟಿ ಇಳಿಸಲು ಎಣ್ಣೆಯನ್ನು ಸುಮಾರು 350 ಡಿಗ್ರಿವರೆಗೆ ಕಾಯಿಸುತ್ತಾರೆ. ಮೆಗ್ನೀಷಿಯಂ ಕ್ಲೋರೈಡ್ 120 ಡಿಗ್ರಿಯ ಆಸುಪಾಸಿನಲ್ಲೇ ನೀರಿನ ಜೊತೆ ಸೇರಿ ಒಡೆಯತೊಡಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ 200 ಡಿಗ್ರಿ ದಾಟಿದ ಮೇಲೆ. ಸೋಡಿಯಂ ಕ್ಲೋರೈಡ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಒಡೆದಾಗ ಹುಟ್ಟುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಟ್ಟಿ ಇಳಿಸುವ ಗೋಪುರದ ತುದಿಗೆ ಏರುತ್ತದೆ. ಅಲ್ಲಿ ಹಬೆ ತಣಿದು ಮೊದಲ ನೀರ ಹನಿ ಮೂಡುವ ಜಾಗದಲ್ಲಿ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ.

ಇದಕ್ಕೇ ಡಿಸಾಲ್ಟರ್, ಅಂದರೆ ಎಣ್ಣೆಯನ್ನು ನೀರಿನಿಂದ ತೊಳೆದು ಉಪ್ಪು ತೆಗೆಯುವ ಘಟಕ, ಇರುವುದು. ಅದರಿಂದ ಹೊರಬಂದ ಎಣ್ಣೆಯಲ್ಲಿ ಸಾವಿರ ಬ್ಯಾರೆಲ್‌ಗೆ ಒಂದು ಪೌಂಡ್ ಉಪ್ಪು, ಅಂದರೆ ಲೀಟರಿಗೆ 2.85 ಮಿಲಿಗ್ರಾಂ, ಅನ್ನುವುದು ಸಾಮಾನ್ಯ ಗುರಿ. ಇದನ್ನು ಬೇಗ ನೋಡಲು ವಿದ್ಯುತ್ ವಾಹಕತೆಯ ವಿಧಾನವಿದೆ, ಎಎಸ್‌ಟಿಎಂ ಡಿ3230 ಅನ್ನುವ ಪ್ರಮಾಣಿತ ಪರೀಕ್ಷೆ. ಅದರ ಅಳತೆಪಟ್ಟಿಯನ್ನು ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡ್‌ಗಳ 70:20:10 ಮಿಶ್ರಣದಿಂದ ಕಟ್ಟುತ್ತಾರೆ. ನಿಮ್ಮ ಎಣ್ಣೆಯ ಉಪ್ಪು ಆ ಪ್ರಮಾಣದಲ್ಲೇ ಇರಬೇಕು ಅಂತೇನೂ ಇಲ್ಲ, ಅಲ್ವಾ? ದಿನನಿತ್ಯದ ಕೆಲಸಕ್ಕೆ ಈ ವಿಧಾನ ಒಳ್ಳೆಯದೇ. ಆದರೆ ಹೊಸ ಎಣ್ಣೆ ಬಂದಾಗ ಅದೊಂದನ್ನೇ ನಂಬಬೇಡಿ.

ಅಯಾನ್ ಕ್ರೊಮ್ಯಾಟೋಗ್ರಫಿ, ಅಂದರೆ ನೀರಿನಲ್ಲಿ ಕರಗಿದ ಅಯಾನ್‌ಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಬೇರ್ಪಡಿಸಿ ಅಳೆಯುವ ವಿಧಾನ, ಬೇಕಾಗುವುದು ಆಗ. 1975ರಲ್ಲಿ ಅಮೆರಿಕದ ಡೌ ಕೆಮಿಕಲ್‌ನಲ್ಲಿ ಹ್ಯಾಮಿಶ್ ಸ್ಮಾಲ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಒಂದು ಕಾಲಂ (ಬೇರ್ಪಡಿಸುವ ವಸ್ತು ತುಂಬಿದ ಕೊಳವೆ) ಕ್ಲೋರೈಡನ್ನು ಬೇರೆ ಋಣ ಅಯಾನ್‌ಗಳಿಂದ ಬಿಡಿಸುತ್ತದೆ. ಇನ್ನೊಂದು ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ.

ಆದರೆ ಈ ಯಂತ್ರಕ್ಕೆ ಎಣ್ಣೆ ಹಾಕುವಂತಿಲ್ಲ, ನೀರು ಮಾತ್ರ. ಹಾಗಾಗಿ ಫಲಿತಾಂಶದ ಹಣೆಬರಹ ತೀರ್ಮಾನವಾಗುವುದು ಉಪ್ಪನ್ನು ನೀರಿಗೆ ಇಳಿಸುವ ಹಂತದಲ್ಲಿ. ಇಲ್ಲಿ ಅವಸರ ಮಾಡಲೇಬಾರದು. ಉಪ್ಪುನೀರು ಭಾರ, ಬಾಟಲಿಯ ತಳದಲ್ಲಿ ಕೂರುತ್ತದೆ. ಸ್ಯಾಂಪಲನ್ನು ಬೆಚ್ಚಗೆ ಮಾಡಿ ಚೆನ್ನಾಗಿ ಕಲಕದೆ ಮೇಲಿಂದ ತೆಗೆದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಸುಳ್ಳೇ ಹೇಳುತ್ತದೆ. ಆಮೇಲೆ ಜೈಲೀನ್‌ನಿಂದ ಎಣ್ಣೆ ತೆಳುಮಾಡಿ, ಬಿಸಿನೀರು ಹಾಕಿ ಜೋರಾಗಿ ಅಲುಗಿಸಬೇಕು. ಆಸ್ಫಾಲ್ಟೀನ್ (ಡಾಂಬರಿನಂಥ ಭಾರದ ಅಂಶ) ಜಾಸ್ತಿ ಇರುವ ದಪ್ಪ ಎಣ್ಣೆಯಲ್ಲಿ ನೀರು, ಎಣ್ಣೆ ನಡುವೆ ಕಂದು ಎಮಲ್ಷನ್ (ಎರಡೂ ಬೆರೆತ ಪದರ) ನಿಂತುಬಿಡುತ್ತದೆ, ಅದರೊಳಗೆ ಉಪ್ಪೂ ಸಿಕ್ಕಿಕೊಳ್ಳುತ್ತದೆ. ನನ್ನ ಅಭ್ಯಾಸ ಇಷ್ಟು: ಅದೇ ಎಣ್ಣೆಯನ್ನು ಹೊಸ ನೀರಿನಲ್ಲಿ ಇನ್ನೊಮ್ಮೆ ತೊಳೆದು ನೋಡುವುದು. ಆಗಲೂ ಯಂತ್ರದ ಗ್ರಾಫಿನಲ್ಲಿ ಕ್ಲೋರೈಡ್ ಪೀಕ್ (ಏರು) ಎದ್ದು ಕಂಡರೆ ಮೊದಲ ತೊಳೆತ ಸಾಲದು ಅಂತ ಅರ್ಥ. ತೆಗೆದ ನೀರನ್ನು ಪೊರೆಯ ಮೂಲಕ ಡಯಾಲಿಸಿಸ್ ಮಾಡಿ ಅಥವಾ ಎಣ್ಣೆ ಹಿಡಿಯುವ ಕಾರ್ಟ್ರಿಜ್‌ನಲ್ಲಿ ಹಾಯಿಸಿ ಎಣ್ಣೆಯ ಅಂಶ ಕಳೆಯಬೇಕು. ಇಲ್ಲದಿದ್ದರೆ ಕಾಲಂ ಹಾಳು.

ಎಣ್ಣೆ ಇಲ್ಲದೆ ಅದೇ ಹಂತಗಳನ್ನು ನಡೆಸಿ ನೋಡುವ ಬ್ಲ್ಯಾಂಕ್ ಪರೀಕ್ಷೆಯನ್ನು ತಪ್ಪಿಸಬೇಡಿ. ಬೆವರಿನಲ್ಲಿ ಉಪ್ಪಿದೆ, ಗಾಜಿನಿಂದ ಸೋಡಿಯಂ ಇಳಿಯುತ್ತದೆ, ಮಂಗಳೂರಿನಂಥ ಕರಾವಳಿಯಲ್ಲಿ ಗಾಳಿಯಲ್ಲೂ ಉಪ್ಪಿದೆ. ಗ್ಲೌಸ್ ಮತ್ತು ಪ್ಲಾಸ್ಟಿಕ್ ಬಾಟಲಿ ಬಳಸಿ.

ಈ ವಿಧಾನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೆಕ್ಕದ ತಾಳೆ: ಋಣ, ಧನ ಅಯಾನ್‌ಗಳ ಆವೇಶ ಸಮ ಇರಬೇಕು. 3.55 ಮಿಲಿಗ್ರಾಂ ಕ್ಲೋರೈಡ್ ಅಂದರೆ 0.1 ಮಿಲಿ ಈಕ್ವಿವಲೆಂಟ್ (ಆವೇಶದ ಲೆಕ್ಕಕ್ಕೆ ಬಳಸುವ ಏಕಮಾನ). ಅದಕ್ಕೆ ಎದುರಾಗಿ ಸೋಡಿಯಂ 1.61, ಮೆಗ್ನೀಷಿಯಂ 0.24, ಕ್ಯಾಲ್ಸಿಯಂ 0.20 ಮಿಲಿಗ್ರಾಂ ಸಿಕ್ಕರೆ ಅವುಗಳ ಮೊತ್ತವೂ 0.1. ಕ್ಲೋರೈಡ್ ಜಾಸ್ತಿ, ಲೋಹ ಕಡಿಮೆ ಬಂದರೆ ಎಲ್ಲೋ ಏನೋ ತಪ್ಪಿದೆ, ಇಲ್ಲವೇ ಅಮೋನಿಯಂನಂಥ ಇನ್ನೊಂದು ಧನ ಅಯಾನ್ ಇದೆ. ಒಂದೇ ಒಟ್ಟು ಸಂಖ್ಯೆ ಕೊಡುವ ವಿಧಾನದಲ್ಲಿ ಇಂಥ ತಾಳೆಗೆ ಅವಕಾಶವೇ ಇಲ್ಲ.

ಅಯಾನ್ ಕ್ರೊಮ್ಯಾಟೋಗ್ರಫಿಗೆ ಕಾಣದ್ದೂ ಒಂದಿದೆ: ನೀರಿಗೆ ಇಳಿಯದ ಸಾವಯವ ಕ್ಲೋರೈಡ್, ಅಂದರೆ ಕಾರ್ಬನ್‌ಗೆ ಅಂಟಿದ ಕ್ಲೋರಿನ್ ಇರುವ ಸಂಯುಕ್ತ. 2019ರ ಏಪ್ರಿಲ್‌ನಲ್ಲಿ ರಷ್ಯಾದಿಂದ ಯುರೋಪಿಗೆ ಹೋಗುವ ದ್ರುಜ್ಬಾ ಪೈಪ್‌ಲೈನನ್ನು ನಿಲ್ಲಿಸಬೇಕಾಗಿ ಬಂದದ್ದು ಅದರಿಂದಲೇ. ಡಿಸಾಲ್ಟರ್‌ನಲ್ಲೂ ಅದು ಹೋಗುವುದಿಲ್ಲ. ಉಪ್ಪಿನ ವರದಿ ಚೆನ್ನಾಗಿದ್ದು, ಗೋಪುರದ ತುದಿಯ ನೀರಿನಲ್ಲಿ ಮಾತ್ರ ಕ್ಲೋರೈಡ್ ಏರುತ್ತಿದ್ದರೆ, ಆ ಎಣ್ಣೆಯ ನಾಫ್ತಾ (ಹಗುರವಾದ) ಭಾಗವನ್ನು ಸಾವಯವ ಕ್ಲೋರೈಡ್ ಪರೀಕ್ಷೆಗೆ ಕಳಿಸಿ.